ನಗುವ ಮುನ್ನ ಒಂದು ಪ್ರಶ್ನೆ
(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಇಂಗ್ಲಿಷ್ ಬಗ್ಗೆ ಏನು ಹೇಳಿಯಾರು ಎಂದು ಕೆಲವರಿಗೆ ಅನ್ನಿಸಬಹುದು. ನಾನು ಇಂಗ್ಲಿಷ್ ಪಂಡಿತನಲ್ಲ. ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಲು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದ ದಿನ ಅವರ ತರಗತಿ ನನ್ನ ಪಾಲಿಗೆ ಬಂತು. ಪಾಠ ಓದುತ್ತಿದ್ದ ಉರ್ದು ಮನೆಮಾತಿನ ಒಬ್ಬ ಹುಡುಗಿ ‘ಸ್ಕೂಲ್’ ಎನ್ನುವ ಬದಲು ‘ಇಸ್ಕೂಲ್’ ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆ ವರ್ಷ ಮುಗಿಯುವವರೆಗೂ ಅವಳು ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ.

ಉರ್ದು ಆಡುವ ನಾಲಿಗೆಗೆ ಪದದ ಆರಂಭದಲ್ಲಿ ‘ಸ್ಕ’, ‘ಸ್ಟ’ ಕಷ್ಟ. ಆದ್ದರಿಂದ ಮುಂದೆ ಒಂದು ‘ಇ’ ಸೇರಿಕೊಳ್ಳುತ್ತದೆ. ಅಂದು ನಕ್ಕ ಕನ್ನಡ ಮನೆಮಾತಿನ ಮಕ್ಕಳು ‘ಎಗ್’ ಎನ್ನಲು ‘ಯೆಗ್’ ಎನ್ನುತ್ತಿದ್ದರು, ‘ಓಪನ್’ ಎನ್ನಲು ‘ವೋಪನ್’ ಎನ್ನುತ್ತಿದ್ದರು. ಅದಕ್ಕೆ ಯಾರೂ ನಗುತ್ತಿರಲಿಲ್ಲ. ಒಂದೇ ಬಗೆಯ ತಪ್ಪು ಒಬ್ಬರದಾದರೆ ಸಹಜ, ಇನ್ನೊಬ್ಬರದಾದರೆ ದಡ್ಡತನ. ಇದಕ್ಕೇ ಪೂರ್ವಗ್ರಹ ಎನ್ನುತ್ತಾರೆ. ಅದನ್ನು ಗುರುತಿಸಲು ಒಂದು ಪ್ರಶ್ನೆ ಸಾಕು: ‘ಇದೇ ಮಾತನ್ನು ಬೇರೊಬ್ಬರು ಆಡಿದ್ದರೆ ನನಗೆ ಹೀಗೇ ಅನ್ನಿಸುತ್ತಿತ್ತೇ?’

ಬಿ.ಎಡ್. ಓದಿದವರಿಗೆ ರೋಸೆಂಥಾಲ್ ಮತ್ತು ಜೇಕಬ್‌ಸನ್ ಅವರ ಹೆಸರು ಗೊತ್ತಿರುತ್ತದೆ. ಯಾವುದೇ ಆಧಾರವಿಲ್ಲದೆ ಆರಿಸಿದ ಕೆಲವು ಮಕ್ಕಳನ್ನು ‘ಇವರು ಮುಂದೆ ಚೆನ್ನಾಗಿ ಅರಳುತ್ತಾರೆ’ ಎಂದು ಅವರು ಶಿಕ್ಷಕರಿಗೆ ತಿಳಿಸಿದರು. ಚಿಕ್ಕ ತರಗತಿಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಹೆಚ್ಚು ಮುಂದುವರಿದರು ಎಂದು 1968ರಲ್ಲಿ ಬರೆದರು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಆದರೆ ಶಿಕ್ಷಕನ ನಿರೀಕ್ಷೆ ಮಗುವಿಗೆ ತಟ್ಟುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊರಗಿನ ಪೂರ್ವಗ್ರಹವೂ ಸುಳ್ಳಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಲಾಗಿತ್ತು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಇದು ಕಹಿ ಸತ್ಯ. ಆದರೆ ಪ್ರತಿಯೊಂದು ಸೋಲಿಗೂ ಇದನ್ನೇ ಕಾರಣ ಮಾಡಿದರೆ ಕಲಿಯಬೇಕಾದ್ದು ಕಲಿಯದೇ ಉಳಿಯುತ್ತದೆ. ‘ಇಂಗ್ಲಿಷ್ ನಮ್ಮ ಮಕ್ಕಳಿಗೆ ಹತ್ತುವುದಿಲ್ಲ’, ‘ಹೆಣ್ಣುಮಗಳಿಗೆ ಅದೇಕೆ’ ಎಂದು ಮನೆಯಲ್ಲಿ ನಾವೇ ಆಡುವ ಮಾತೂ ಪೂರ್ವಗ್ರಹವೇ.

ವಿದ್ಯಾರ್ಥಿಗಳೇ, ಈಗ ಕಲಿಕೆಯ ಮಾತು. ಉರ್ದುವಿನಲ್ಲೂ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ: ‘ನಾನು ನೀರು ಕುಡಿಯುತ್ತೇನೆ.’ ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: ‘ಐ ಡ್ರಿಂಕ್ ವಾಟರ್.’ ಈ ಒಂದು ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಅರ್ಧ ಭಯ ಹೋಗುತ್ತದೆ. ದಿನಕ್ಕೆ ಐದು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ. ಮೊದಲು ಹೆಸರು, ಊರು, ಓದು, ಮನೆಯವರ ಕೆಲಸ. ಆಮೇಲೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳು. ಗೆಳೆಯರಿಬ್ಬರು ಸೇರಿ ಒಬ್ಬರು ಕೇಳಿ, ಇನ್ನೊಬ್ಬರು ಉತ್ತರಿಸಿ. ಮಾತು ಮುಗಿಯುವವರೆಗೆ ತಿದ್ದಬೇಡಿ. ಮುಗಿದ ಮೇಲೆ ಸರಿಯಾದ ರೂಪವನ್ನು ಒಮ್ಮೆ ಹೇಳಿ.

ಎರಡು ವಾಕ್ಯಗಳನ್ನು ಸದಾ ಜೇಬಿನಲ್ಲಿಟ್ಟುಕೊಳ್ಳಿ. ಅರ್ಥವಾಗದಿದ್ದರೆ ‘ಪ್ಲೀಸ್ ಸೇ ಇಟ್ ಅಗೇನ್’ ಎನ್ನಿ. ಅದರಲ್ಲಿ ನಾಚಿಕೆಯಿಲ್ಲ. ಯಾರಾದರೂ ನಿಮ್ಮ ಹೆಸರನ್ನೋ ಉಡುಪನ್ನೋ ನೋಡಿ ಹಗುರವಾಗಿ ಮಾತನಾಡಿದರೆ, ಕೂಗಾಡದೆ, ತಲೆತಗ್ಗಿಸದೆ ‘ವೈ ಡು ಯೂ ಸೇ ದಟ್?’ ಎಂದು ಕೇಳಿ. ಪೂರ್ವಗ್ರಹಕ್ಕೆ ಕಾರಣ ಕೇಳಿದರೆ ಉತ್ತರ ಕೊಡುವುದು ಬಲು ಕಷ್ಟ.

ಇಂಗ್ಲಿಷ್ ಒಂದು ಸಲಕರಣೆ, ಬುದ್ಧಿಯ ಅಳತೆಗೋಲಲ್ಲ. ಅದನ್ನು ಕಲಿಯಲು ಉರ್ದುವನ್ನಾಗಲಿ ಕನ್ನಡವನ್ನಾಗಲಿ ಬಿಡಬೇಕಿಲ್ಲ.

ಮುಂದಿನ ವರ್ಷ ಆ ಹುಡುಗಿಯ ಬಳಿ ತರಗತಿಯ ಎದುರಿನಲ್ಲೇ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ. ಎರಡು ವಾರದ ನಂತರ ತಾನಾಗಿಯೇ ಓದಲು ಎದ್ದು ನಿಂತಳು. ಆಗಲೂ ‘ಇಸ್ಕೂಲ್’ ಎಂದೇ ಓದಿದಳು. ಯಾರೂ ನಗಲಿಲ್ಲ. ಪಾಠವನ್ನು ಕೊನೆಯವರೆಗೆ ಓದಿ ಮುಗಿಸಿದಳು.