ಗರಗಸದ ಹಲ್ಲು

ಕಲ್ಯಾಣದ ಪಕ್ಕದ ಉಲ್ಲಾಸನಗರ ಮೊದಲು ಸೇನಾ ಶಿಬಿರ. ದೇಶ ವಿಭಜನೆಯಾದಾಗ ಸಿಂಧಿ ನಿರಾಶ್ರಿತರು ಅಲ್ಲಿ ನೆಲೆಸಿದರು. 1949ರಲ್ಲಿ ಈ ಹೆಸರು ಬಂತು. ಈಗ ಡೊಂಬಿವಲಿ, ಠಾಣೆಯವರೂ ಮಂಚ, ಕಪಾಟು ಹುಡುಕಿಕೊಂಡು ಅಲ್ಲಿನ ಫರ್ನಿಚರ್ ಪೇಟೆಗೆ ಹೋಗುತ್ತಾರೆ.

ಇಂಥ ಮರದ ಸಾಮಾನು ಮಾಡಲು ಯಂತ್ರಗಳು ಬಂದಿವೆ, ನಿಜ. ಆದರೂ ಎರಡು ಮರ ಬೆಸೆಯುವ ಕಡೆ ಒಂದು ಗೆರೆಯಷ್ಟು ಕೊಯ್ಯಬೇಕಾದರೆ ಬಡಗಿಗೆ ಕೈಗರಗಸವೇ ಬೇಕು.

ಎಲ್ಲ ಗರಗಸವೂ ಒಂದೇ ಅಲ್ಲ. ಮರದ ಎಳೆಯುದ್ದಕ್ಕೆ ಸೀಳುವ ಹಲ್ಲು ಪುಟ್ಟ ಉಳಿಯ ಹಾಗೆ ಚಪ್ಪಟೆ. ಎಳೆಗೆ ಅಡ್ಡಲಾಗಿ ಕೊಯ್ಯುವ ಹಲ್ಲಿಗೆ ಓರೆಯಾದ ಚೂಪು ಅಂಚು. ಸೀಳಲು ಇಂಚಿಗೆ ಐದಾರು ಹಲ್ಲು ಸಾಕು, ನಾಜೂಕು ಬೆಸುಗೆಗೆ ಹನ್ನೆರಡಾದರೂ ಇರಲಿ.

ತೇಗದಲ್ಲಿ ಸಿಲಿಕಾ ಇದೆ. ಹಲ್ಲು ಬೇಗ ಮೊಂಡಾಗುತ್ತದೆ. ಆಗ ಮುಮ್ಮೂಲೆಯ ಅರ ಹಿಡಿದು, ಮುಂದಕ್ಕೆ ಮಾತ್ರ ತಳ್ಳುತ್ತ, ಪ್ರತಿ ಹಲ್ಲಿಗೂ ಸಮನಾಗಿ ಉಜ್ಜಬೇಕು. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ಬಾಗಿಸುವುದೂ ಉಂಟು. ಕೊಂಕಣದ ಮಳೆಗಾಲದಲ್ಲಿ ತೇವ ಹೀರಿದ ಮರಕ್ಕೆ ಈ ಬಾಗು ಕೊಂಚ ಹೆಚ್ಚಿರಬೇಕು, ಇಲ್ಲದಿದ್ದರೆ ಗರಗಸ ಸಿಕ್ಕಿಹಾಕಿಕೊಳ್ಳುತ್ತದೆ.

ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದು ಕಾಯಿಸಿ ಗಡಸು ಮಾಡಿದ್ದು. ಅರ ಅದನ್ನು ಕಚ್ಚದು. ಹರಿತ ಮಾಡಿಸಿ ವರ್ಷಗಟ್ಟಲೆ ಬಳಸುವ ಆಸೆಯಿದ್ದವರು ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳಿ.