ಬ್ಯಾಡಗಿಗೆ ಏಳು ಕೀಲಿ: ಟೈಪ್ ಮಾಡೋ ಟೂಲ್‌ಗೆ ಕನ್ನಡದ ಕೈಪಿಡಿ ಹೇಗಿರಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಬ್ಯಾಡಗಿ ಅಂದ ಕೂಡಲೇ ಎಲ್ಲರಿಗೂ ಮೆಣಸಿನಕಾಯಿ ನೆನಪಾಗುತ್ತೆ. ಇವತ್ತು ಮಾತಾಡೋದು ಬೆಲೆ ಬಗ್ಗೆ ಅಲ್ಲ, ಆ ಊರಿನ ಹೆಸರನ್ನ ಕಂಪ್ಯೂಟರ್ ತಾನಾಗಿಯೇ ಟೈಪ್ ಮಾಡೋದರ ಬಗ್ಗೆ.

ಆನ್‌ಲೈನ್ ಅರ್ಜಿಯನ್ನ ಜನರ ಕೈಗೆ ಕೊಡೋ ಮೊದಲು ಪರೀಕ್ಷೆ ಮಾಡಬೇಕಲ್ಲ? ಹೆಸರು, ಊರು, ಸರ್ವೆ ನಂಬರ್ ಇವನ್ನೆಲ್ಲ ನೂರು ಸಲ ಕೈಯಲ್ಲೇ ಹೊಡೆಯೋಕೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆ ಬ್ರೌಸರನ್ನ ತಾನೇ ನಡೆಸೋ ಟೂಲ್‌ಗಳಿವೆ. 2004ರಲ್ಲಿ ಜೇಸನ್ ಹಗ್ಗಿನ್ಸ್ ಶುರು ಮಾಡಿದ ಸೆಲೆನಿಯಂ ಇದೆ, 2020ರಲ್ಲಿ ಮೈಕ್ರೋಸಾಫ್ಟ್ ಬಿಟ್ಟ ಪ್ಲೇರೈಟ್ ಇದೆ. ಎರಡೂ ಉಚಿತ. ಹಾವೇರಿಯಲ್ಲಿ ಕೂತು ಟೆಸ್ಟಿಂಗ್ ಕಲಿಯೋ ಹುಡುಗ ಹುಡುಗಿಯರೂ ಇವನ್ನ ಇಳಿಸಿಕೊಂಡು ಬಳಸಬಹುದು.

ತೊಡಕು ಇರೋದು ಕೈಪಿಡಿಯಲ್ಲಿ. ಅದರ ಉದಾಹರಣೆಗಳೆಲ್ಲ ಇಂಗ್ಲಿಷ್‌ನವು, ಒಂದು ಕೀಲಿಗೆ ಒಂದು ಅಕ್ಷರ ಅನ್ನೋ ಲೆಕ್ಕ. ನಮ್ಮಲ್ಲಿ ಹಾಗಲ್ಲ ನೋಡಿ. 'ಬ್ಯಾಡಗಿ' ಕಣ್ಣಿಗೆ ಮೂರೇ ಅಕ್ಷರ, ಯುನಿಕೋಡ್‌ನಲ್ಲಿ ಏಳು ಸಂಕೇತ: ಬ, ಹಲಂತ, ಯ, ದೀರ್ಘ, ಡ, ಗ, ಗುಡಿಸು. ನುಡಿ ಕೀಲಿಮಣೆಯಲ್ಲೂ ಏಳು ಸಲ ಒತ್ತಬೇಕು. 'ರಾಣೆಬೆನ್ನೂರು' ಐದು ಅಕ್ಷರ, ಹನ್ನೆರಡು ಸಂಕೇತ. ನಡುವೆ ಹಲಂತ ಒಂದು ತಪ್ಪಿಹೋದರೂ ಬ್ಯಾಡಗಿ 'ಬಯಾಡಗಿ' ಆಗುತ್ತೆ.

ಇದೇನು ದೊಡ್ಡ ವಿಷಯ ಅನ್ನಬೇಡಿ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ರೈತ ಎಷ್ಟು ಅಲೆಯಬೇಕು ಅನ್ನೋದು ನಿಮಗೇ ಗೊತ್ತು. ಪರೀಕ್ಷೆ ಸರಿಯಾಗಿ ಆಗದ ಫಾರಂ ಅಂಥ ಇನ್ನೊಂದು ತಪ್ಪನ್ನ ಹುಟ್ಟಿಸುತ್ತೆ.

ಹಾಗಾದ್ರೆ ಕನ್ನಡದಲ್ಲಿ ಕೈಪಿಡಿ ಬರೆಯೋರು ಏನೇನು ಹೇಳಬೇಕು?

ಮೊದಲನೇದು, ತುಂಬೋದು ಬೇರೆ, ಒತ್ತೋದು ಬೇರೆ. ಪ್ಲೇರೈಟ್‌ನಲ್ಲಿ 'ಫಿಲ್' ಅನ್ನೋ ಆಜ್ಞೆ ಇಡೀ ಪದವನ್ನ ಒಂದೇ ಏಟಿಗೆ ಖಾನೆಯಲ್ಲಿ ಇಡುತ್ತೆ. 'ಪ್ರೆಸ್ ಸೀಕ್ವೆನ್ಶಿಯಲಿ' ಒಂದೊಂದಾಗಿ ಒತ್ತುತ್ತೆ, ನಡುವೆ ಎಷ್ಟು ಮಿಲಿಸೆಕೆಂಡ್ ಬಿಡಬೇಕು ಅಂತಲೂ ಹೇಳಬಹುದು. ಸುಮ್ಮನೆ ಫಾರಂ ತುಂಬಬೇಕಾದ್ರೆ ಮೊದಲನೆಯದು ಸಾಕು. ಎರಡು ಅಕ್ಷರ ಹೊಡೆದ ಕೂಡಲೇ ಊರಿನ ಪಟ್ಟಿ ತೆರೆದುಕೊಳ್ಳೋ ಖಾನೆ ಇದ್ದರೆ ಎರಡನೆಯದು ಬೇಕು.

ಎರಡನೇದು, ಬಹಳ ಜನ ಗಮನಿಸದೇ ಹೋಗೋದು. ಅಮೆರಿಕನ್ ಕೀಲಿಮಣೆಯಲ್ಲಿ ಇಲ್ಲದ ಅಕ್ಷರ ಬಂದರೆ ಪ್ಲೇರೈಟ್ ಕೀಲಿ ಒತ್ತಿದ ಸುದ್ದಿಯನ್ನೇ ಪುಟಕ್ಕೆ ಕಳಿಸಲ್ಲ, ಪಠ್ಯ ಬಂತು ಅನ್ನೋ ಸುದ್ದಿ ಮಾತ್ರ ಕಳಿಸುತ್ತೆ. ಕನ್ನಡದ ಅಕ್ಷರಗಳೆಲ್ಲ ಈ ಗುಂಪಿಗೇ ಸೇರಿದವು. ಕೀಲಿ ಒತ್ತಿದ್ದನ್ನ ಕಾದು ಕೆಲಸ ಮಾಡೋ ಪುಟ ಇಂಗ್ಲಿಷ್‌ಗೆ ಓಗೊಡುತ್ತೆ, ಕನ್ನಡಕ್ಕೆ ಸುಮ್ಮನಿರುತ್ತೆ. ಕೈಪಿಡಿಯಲ್ಲಿ ಈ ಮಾತಿಲ್ಲದಿದ್ದರೆ ಹೊಸಬರು ದಿನಗಟ್ಟಲೆ ತಪ್ಪು ಹುಡುಕುತ್ತಾ ಕೂರಬೇಕಾಗುತ್ತೆ.

ಇದಕ್ಕೇ ಹೊಂದಿದ ಇನ್ನೊಂದು ಮಾತು. ನಮ್ಮ ಜನ ನುಡಿಯಲ್ಲೋ, ಮೊಬೈಲ್ ಕೀಬೋರ್ಡ್‌ನಲ್ಲೋ ಟೈಪ್ ಮಾಡ್ತಾರೆ. ಟೂಲ್ ಆ ದಾರಿಯಲ್ಲಿ ಬರೋದೇ ಇಲ್ಲ, ನೇರ ಬ್ರೌಸರ್ ಒಳಗೇ ಅಕ್ಷರ ಇಳಿಸುತ್ತೆ. ಹಾಗಾಗಿ ಟೂಲ್ 'ಪಾಸ್' ಅಂದರೂ ನುಡಿ ಹಾಕಿಕೊಂಡು ಒಮ್ಮೆ, ಫೋನಿನಲ್ಲಿ ಒಮ್ಮೆ ಕೈಯಾರೆ ಹೊಡೆದು ನೋಡಲೇಬೇಕು. ಯಾವುದು ಪರೀಕ್ಷೆ ಆಗಿದೆ ಅನ್ನೋದರ ಜೊತೆ ಯಾವುದು ಆಗಿಲ್ಲ ಅಂತಲೂ ಬರೆಯೋದೇ ಒಳ್ಳೆ ಕೈಪಿಡಿ.

ಮೂರನೇದು, ಹೋಲಿಕೆ. 'ಹಾವೇರಿ'ಯ 'ವೇ' ಅಕ್ಷರದ ದೀರ್ಘ ಏತ್ವವನ್ನ ಒಂದೇ ಸಂಕೇತವಾಗಿಯೂ ಇಡಬಹುದು, ಏತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹೋಲಿಸೋ ಮೊದಲು ಎರಡನ್ನೂ ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಆದ್ರೆ ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಅಂತ ಮೂರು ಥರ ಬರೀತಾರಲ್ಲ, ಅದನ್ನ ಯುನಿಕೋಡ್ ಸರಿಮಾಡಲ್ಲ. ಅದಕ್ಕೆ ಊರುಗಳ ಪಟ್ಟಿಯನ್ನ ನಾವೇ ಮಾಡಿಡಬೇಕು.

ಕೊನೇದಾಗಿ ಒಂದು ಎಚ್ಚರಿಕೆ. ಈ ಟೂಲ್ ಇರೋದು ನಮ್ಮ ಪುಟವನ್ನ, ಇಲ್ಲಾ ಅನುಮತಿ ಇರೋ ಪುಟವನ್ನ ಪರೀಕ್ಷಿಸೋಕೆ. ಸರದಿಯಲ್ಲಿ ನಿಂತವರನ್ನ ಹಿಂದೆ ಹಾಕಿ ಟೋಕನ್ ಹಿಡಿಯೋಕಲ್ಲ. ಪರೀಕ್ಷೆಗೆ ನಿಜವಾದ ರೈತರ ಹೆಸರು, ಆಧಾರ್ ನಂಬರ್ ಹಾಕಲೂಬೇಡಿ. ಇದನ್ನ ಕೈಪಿಡಿಯ ಮೊದಲ ಪುಟದಲ್ಲೇ ಬರೆಯಿರಿ.

ಟೆಸ್ಟಿಂಗ್ ಮಾಡೋರು ಯಾರಾದ್ರೂ ಕೇಳ್ತಿದ್ರೆ, ನಾಳೆ ನಿಮ್ಮ ಫಾರಂನಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಹೆಸರು ಓಡಿಸಿ ನೋಡಿ. ಏನಾಯ್ತು ಅನ್ನೋದನ್ನ ಕನ್ನಡದಲ್ಲೇ ಬರೆದಿಡಿ, ನಿಮ್ಮ ನಂತರ ಆ ಕೆಲಸಕ್ಕೆ ಬರೋರಿಗೆ ಅದೇ ಕೈಪಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.