ಹೊಲಿದರೆ ದೋಣಿ

ಬಡಗಿಯ ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಹಾಳೆಗಳನ್ನು ನೋಡಿರುತ್ತೀರಿ. ಎಂಟಡಿ ಉದ್ದ, ನಾಲ್ಕಡಿ ಅಗಲ, ಚಪ್ಪಟೆ ಎಂದರೆ ಚಪ್ಪಟೆ. ಅದರಿಂದ ಬೀರು, ಮಂಚ, ಅಡುಗೆಮನೆಯ ಕಪಾಟು ಆಗುತ್ತವೆ, ಸರಿ. ಅವೆಲ್ಲ ಹೇಗೂ ಚೌಕಚೌಕ. ಆದರೆ ಹೊಟ್ಟೆ ಉಬ್ಬಿದ, ಮೂತಿ ಮೇಲೆತ್ತಿದ ದೋಣಿ? ಅದೂ ಮನೆಯಲ್ಲೇ ಕೂತು ಮಾಡುವಂಥದ್ದು?

ಆಗುತ್ತದೆ ಎಂದು 1963ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇಬ್ಬರು ಮಾಡಿಯೇ ತೋರಿಸಿದರು. ಒಬ್ಬರು ಜಾಕ್ ಹೋಲ್ಟ್, ಹಾಯಿದೋಣಿಗಳ ನಕ್ಷೆ ಬರೆಯುವವರು. ಇನ್ನೊಬ್ಬರು ಬ್ಯಾರಿ ಬಕ್ನೆಲ್, ಮನೆಯ ರಿಪೇರಿ ಕೆಲಸಗಳನ್ನು ಟಿವಿಯಲ್ಲಿ ಹೇಳಿಕೊಡುತ್ತಿದ್ದವರು. ‘ಡೈಲಿ ಮಿರರ್’ ಎಂಬ ಪತ್ರಿಕೆ ಬೆನ್ನಿಗೆ ನಿಂತಿತು. ಹಾಗಾಗಿ ದೋಣಿಗೂ ‘ಮಿರರ್’ ಎಂದೇ ಹೆಸರಾಯಿತು. ಉದ್ದ 3.3 ಮೀಟರ್, ಹಾಯಿಯ ಬಣ್ಣ ಕೆಂಪು. ಅಳತೆಗೆ ಕತ್ತರಿಸಿದ ಪ್ಲೈವುಡ್ ತುಂಡುಗಳನ್ನು ತರಿಸಿಕೊಂಡು ಜನ ಮನೆಯಲ್ಲೇ ಜೋಡಿಸಿದರು. ಈವರೆಗೆ ತಯಾರಾಗಿರುವ ಮಿರರ್ ದೋಣಿಗಳು 70,000ಕ್ಕೂ ಹೆಚ್ಚು!

ಇದರ ಗುಟ್ಟು ಸುತ್ತಿಗೆ-ಮೊಳೆಯಲ್ಲಿಲ್ಲ. ಈ ದೋಣಿಯನ್ನು ಹೊಲಿಯುತ್ತಾರೆ. ನಿಜ, ಅಂಗಿ ಹೊಲಿದ ಹಾಗೆಯೇ. ದಾರದ ಬದಲು ತಾಮ್ರದ ತಂತಿ, ಅಷ್ಟೇ.

ಹೊಲಿಗೆಗೆ ಕೂರುವ ಮೊದಲು ನೋಟ್‌ಬುಕ್ಕಿನ ಒಂದು ಹಾಳೆ ಹರಿದುಕೊಳ್ಳಿ. ಒಂದು ತುದಿಯನ್ನು ಮಾತ್ರ ಹಿಡಿದರೆ ಇನ್ನೊಂದು ತುದಿ ಜೋತುಬೀಳುತ್ತದೆ. ಈಗ ಹಿಡಿದ ಕಡೆ ಹೆಬ್ಬೆರಳಿನಿಂದ ನಡುವನ್ನು ಸ್ವಲ್ಪ ಒತ್ತಿ, ಎರಡೂ ಅಂಚು ತುಸು ಮೇಲೇಳುವಂತೆ ಮಾಡಿ. ಹಾಳೆ ನೆಟ್ಟಗೆ ನಿಂತುಬಿಟ್ಟಿತಲ್ಲ! ಅದೇ ಕಾಗದ, ಅದೇ ತೂಕ. ಹಾಗಾದರೆ ಬಲ ಎಲ್ಲಿಂದ ಬಂತು?

ಕಾಗದ ಸುಲಭವಾಗಿ ಬಾಗುತ್ತದೆ, ಆದರೆ ಎಳೆದರೆ ಹಿಗ್ಗುವುದಿಲ್ಲ. ಅಂಚು ಮೇಲೆದ್ದ ಹಾಳೆ ಈಗ ಕೆಳಕ್ಕೆ ಜೋಲಬೇಕಾದರೆ ಮೇಲಿರುವ ಅಂಚುಗಳು ಹಿಗ್ಗಬೇಕು, ತಳದ ನಡುಭಾಗ ಕುಗ್ಗಬೇಕು. ಅದು ಕಾಗದದಿಂದ ಆಗದ ಕೆಲಸ. ಬಡಗಿಯ ಉಕ್ಕಿನ ಟೇಪು ಗಾಳಿಯಲ್ಲಿ ಮೀಟರುಗಟ್ಟಲೆ ನೆಟ್ಟಗೆ ಚಾಚಿಕೊಳ್ಳುವುದೂ ಇದೇ ಕಾರಣಕ್ಕೆ. ಅದರ ಅಡ್ಡಗಲವನ್ನು ಮುಟ್ಟಿ ನೋಡಿ, ಸಣ್ಣದೊಂದು ಬಾಗು ಇರುತ್ತದೆ. ತೆಳು ಪ್ಲೈವುಡ್ ಕೂಡ ಬಾಗಿದ ಕೂಡಲೇ ಗಟ್ಟಿಗನಾಗುತ್ತದೆ. ಹಾಗಾಗಿ ಮಿರರ್ ದೋಣಿಗೆ ದಪ್ಪ ಹಲಗೆ ಬೇಕಾಗಲಿಲ್ಲ.

ಆದರೆ ಒಂದು ತೊಡಕಿದೆ. ಚೆಂಡಿಗೆ ಕಾಗದ ಸುತ್ತಿ ನೋಡಿ. ಎಷ್ಟೇ ನಾಜೂಕಾಗಿ ಸುತ್ತಿದರೂ ಎಲ್ಲೋ ಒಂದು ಕಡೆ ಸುಕ್ಕು ಬೀಳುತ್ತದೆ. ಚಪ್ಪಟೆ ಹಾಳೆ ಒಂದು ದಿಕ್ಕಿಗೆ ಬಾಗಿದ ಜಾಗದಲ್ಲೇ ಇನ್ನೊಂದು ದಿಕ್ಕಿಗೂ ಬಾಗಲು ಒಪ್ಪುವುದಿಲ್ಲ. ಕಾಗದವಾದರೆ ಸುಕ್ಕಾಗುತ್ತದೆ, ಪ್ಲೈವುಡ್ ಆದರೆ ‘ಲಟಕ್’ ಎನ್ನುತ್ತದೆ. ಆದ್ದರಿಂದ ನಕ್ಷೆ ಬರೆಯುವವರು ಪ್ರತಿ ತುಂಡೂ ಒಂದೇ ದಿಕ್ಕಿಗೆ ಬಾಗುವಂತೆ ಲೆಕ್ಕ ಹಾಕುತ್ತಾರೆ. ಜಾಣತನವೆಲ್ಲ ಇರುವುದು ತುಂಡಿನ ಅಂಚನ್ನು ಯಾವ ಗೆರೆಯಲ್ಲಿ ಕತ್ತರಿಸಬೇಕು ಎಂಬುದರಲ್ಲಿ.

ನೀವೂ ಒಂದು ಮಾಡಿ. ಹಳೆಯ ಲಗ್ನಪತ್ರಿಕೆಯ ಎರಡು ರಟ್ಟುಗಳನ್ನು ಒಂದರ ಮೇಲೊಂದು ಇಡಿ. ಮೇಲಿನ ಅಂಚು ನೇರವಾಗಿರಲಿ. ಕೆಳಗಿನದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಿಲ್ಲಿನಂತೆ ಕತ್ತರಿಸಿ. ಆ ಬಾಗಿದ ಅಂಚುಗಳನ್ನು ಸೂಜಿ-ದಾರದಿಂದ ಸೇರಿಸಿ ಹೊಲಿಯಿರಿ. ಈಗ ನೇರ ಅಂಚುಗಳನ್ನು ಮೆಲ್ಲನೆ ಅಗಲಿಸಿ. ಎರಡು ಚಪ್ಪಟೆ ರಟ್ಟುಗಳು ನಿಮ್ಮ ಕೈಯಲ್ಲೇ ಹೊಟ್ಟೆ ಬಿಟ್ಟುಕೊಂಡು ದೋಣಿಯಾಗುತ್ತವೆ! ಮತ್ತೆ ಮುಚ್ಚಿಕೊಳ್ಳದಂತೆ ನಡುವೆ ಅಡ್ಡಲಾಗಿ ಒಂದು ಕಡ್ಡಿ ಸಿಕ್ಕಿಸಿ. ಹೊಲಿಗೆಯ ತೂತುಗಳಿಗೆ ಮೇಣದಬತ್ತಿಯ ಮೇಣ ಹನಿಸಬೇಕು, ಈ ಕೆಲಸಕ್ಕೆ ಮಾತ್ರ ದೊಡ್ಡವರನ್ನು ಕರೆಯಿರಿ. ತಳ ಚೂಪಾಗಿರುವುದರಿಂದ ನೀರಿಗೆ ಬಿಟ್ಟಾಗ ಅದು ಮಗ್ಗುಲಿಗೆ ಹೊರಳುತ್ತದೆ. ತಳದಲ್ಲಿ ನಾಲ್ಕು ಸಣ್ಣ ಕಲ್ಲು ಇಟ್ಟರೆ ನೆಟ್ಟಗಾಗುತ್ತದೆ, ಭಾರ ಕೆಳಗಿದ್ದಷ್ಟೂ ದೋಣಿ ಹೊರಳಾಡುವುದು ಕಡಿಮೆ.

ದೊಡ್ಡ ದೋಣಿಯಲ್ಲೂ ನಡೆಯುವುದು ಇದೇ. ಪ್ಲೈವುಡ್ ತುಂಡುಗಳ ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ಜೋಡಿ ತೂತುಗಳಲ್ಲಿ ತಂತಿ ತೂರಿಸಿ, ಹೊರಗಡೆ ಇಕ್ಕಳದಿಂದ ತಿರುಚುತ್ತಾರೆ. ಒಂದೊಂದು ತಿರುಚಿಗೂ ಅಂಚುಗಳು ಹತ್ತಿರ ಬಂದು ಹಲಗೆ ಬಾಗುತ್ತ ಹೋಗುತ್ತದೆ. ತಾಮ್ರ ಮೆದು, ಕೈಗೆ ಬಗ್ಗುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಆಮೇಲೆ ಒಳಗಿನ ಸಂದಿಗೆ ಗಾಜಿನ ನಾರಿನ ಪಟ್ಟಿ ಇಟ್ಟು ರಾಳ ಬಳಿಯುತ್ತಾರೆ. ರಾಳ ಕಲ್ಲಾದ ಮೇಲೆ ಹೊರಗೆ ಚಾಚಿದ ತಂತಿಯನ್ನು ಕತ್ತರಿಸಿ, ಉಜ್ಜಿ ನುಣುಪು ಮಾಡಿ, ಅಲ್ಲೂ ಪಟ್ಟಿ ಹಾಕುತ್ತಾರೆ. ತಂತಿಯ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ಹಿಡಿದಿಡುವುದು ರಾಳ.

ಹೊಲಿಗೆಯನ್ನೇ ಕೊನೆಯವರೆಗೂ ನಂಬುವ ಹಡಗೂ ಇದೆ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಯನ್ನು ಸೇರಿತು. ಅಜಂತಾದ ಗುಹಾಚಿತ್ರದಲ್ಲಿರುವ ಹಡಗನ್ನು ನೋಡಿಕೊಂಡು, ಕೇರಳದ ಕುಶಲಕರ್ಮಿಗಳು ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು ಅದು. ಅರಬ್ಬಿ ಸಮುದ್ರದ ಕರಾವಳಿಯಲ್ಲಿ ಇದು ಬಹಳ ಹಳೆಯ ವಿದ್ಯೆ. ಬಕ್ನೆಲ್ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ನಮ್ಮವರು ಹೊಲಿಯುತ್ತಿದ್ದರು ಎಂದು ನೆನೆದರೆ ನನಗಂತೂ ಸ್ವಲ್ಪ ಜಂಬವೇ.

ಪ್ಲೈವುಡ್ ನೀರಿನಲ್ಲಿ ಬಿಟ್ಟುಕೊಳ್ಳುವುದಿಲ್ಲವೆ? ಅಗ್ಗದ್ದಾದರೆ ಖಂಡಿತ ಬಿಟ್ಟುಕೊಳ್ಳುತ್ತದೆ. ಮರ ನೀರು ಕುಡಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ಅತಿ ಕಡಿಮೆ, ಅಡ್ಡಕ್ಕೆ ಜಾಸ್ತಿ. ಅದಕ್ಕೇ ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ. ಹಾಳೆಯ ಅಂಚನ್ನು ಹತ್ತಿರದಿಂದ ನೋಡಿದರೆ ಈ ಪಟ್ಟೆಗಳು ಕಾಣುತ್ತವೆ. ದೋಣಿಗೆ ಬೇಕಾದ ಪ್ಲೈವುಡ್ಡಿಗೆ ನಮ್ಮ ದೇಶದಲ್ಲಿ ‘ಐಎಸ್ 710’ ಎಂಬ ಗುರುತು. ಅದರ ಪರೀಕ್ಷೆ ಹೇಗೆ ಗೊತ್ತೆ? ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸುತ್ತಾರೆ. ಮೂರು ದಿನ ಕುದ್ದರೂ ಅಂಟು ಬಿಡಬಾರದು!

ಇನ್ನು ತೇಲುವ ಲೆಕ್ಕ. ಮಿರರ್‌ನ ಬರಿಯ ಒಡಲಿನ ತೂಕ ಸುಮಾರು 45 ಕಿಲೋ. ಪೂರಾ ಪ್ಲೈವುಡ್ಡೇ, ಲೀಟರಿಗೆ 600 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಆಗ ಅದರ ಗಾತ್ರ 75 ಲೀಟರ್. ಹಾಳೆಗಳಾಗಿಯೇ ನೀರಿಗೆ ಬಿಟ್ಟರೂ ಅದು ತೇಲುತ್ತದೆ, ಆದರೆ ಪೂರ್ತಿ ಮುಳುಗಿದಾಗಲೂ ಅದು ಸರಿಸಬಲ್ಲದ್ದು 75 ಲೀಟರ್ ನೀರು ಮಾತ್ರ. ಅಂದರೆ ಹೊರಬಲ್ಲದ್ದು ಇನ್ನು 30 ಕಿಲೋ. ಒಂದು ಲೀಟರ್ ನೀರು ಒಂದು ಕಿಲೋ ತಾನೆ? ತಲಾ 35 ಕಿಲೋದ ಇಬ್ಬರು ಹತ್ತಿದರೆ ಮುಗಿಯಿತು. ಅದೇ ಮರವನ್ನು ಹೊಲಿದು ದೋಣಿ ಮಾಡಿದರೆ ಒಳಗಿನ ಖಾಲಿ ಜಾಗವೂ ಸೇರಿ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಇಬ್ಬರನ್ನು ಹೊರಲು 115 ಲೀಟರ್ ಸರಿಸಿದರೆ ಸಾಕು, ಅದು ದೋಣಿಗೆ ಲೆಕ್ಕವೇ ಅಲ್ಲ. ಗಾಳಿ ಬೀಸಿ ಮಗುಚಿದರೂ ಮುಳುಗದಂತೆ ಒಳಗೆ ಗಾಳಿ ತುಂಬಿದ, ಮುಚ್ಚಿದ ಗೂಡುಗಳನ್ನೂ ಕಟ್ಟಿರುತ್ತಾರೆ.

ನಂಬಿಕೆ ಬರದಿದ್ದರೆ ಅದೇ ಅಳತೆಯ ಇನ್ನೆರಡು ರಟ್ಟುಗಳನ್ನು ಹೊಲಿಯದೆ, ಬರೇ ಮೇಣ ಬಳಿದು ಬಕೆಟ್ಟಿನಲ್ಲಿ ಬಿಡಿ. ದೋಣಿಯನ್ನೂ ಬಿಡಿ. ಎರಡರ ಮೇಲೂ ಒಂದೊಂದೇ ನಾಣ್ಯ ಏರಿಸುತ್ತ ಬನ್ನಿ. ಯಾವುದು ಎಷ್ಟಕ್ಕೆ ಮುಳುಗಿತು ಎಂದು ಬರೆದುಕೊಳ್ಳಿ, ನಾಣ್ಯಗಳು ವಾಪಸ್ ಅಮ್ಮನ ಪರ್ಸಿಗೆ ಹೋಗುವ ಮುಂಚೆ.